ಖಾರ ಬೀಳುವ ಮುನ್ನ

ಬಸ್ಸಾರು ಮಾಡುವ ಮನೆಯಲ್ಲಿ ಎಳೆ ಮಗುವಿಗೆಂದು ಬೇರೆ ಅಡುಗೆ ಬೇಕಾಗುವುದಿಲ್ಲ. ಮಂಡ್ಯ, ಹಾಸನ, ತುಮಕೂರು ಕಡೆಯ ಹೆಂಗಸರ ಬಾಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಅವರ ಅಡುಗೆಮನೆಯಲ್ಲಿ ನಿಂತು ನೋಡಿದಾಗಲೇ ಅದರ ಹಿಂದೆ ಎಂಥ ಲೆಕ್ಕಾಚಾರ ಇದೆ ಅಂತ ಗೊತ್ತಾದದ್ದು. ಹೆಸರುಕಾಳನ್ನೋ ತೊಗರಿಬೇಳೆಯನ್ನೋ ಒಲೆಗಿಟ್ಟು, ಅದು ಮುಕ್ಕಾಲು ಬೆಂದಾಗ ದಂಟಿನ ಸೊಪ್ಪು, ಸಬ್ಬಸಿಗೆ, ಆ ದಿನ ಸಿಕ್ಕಿದ್ದನ್ನು ಹೆಚ್ಚಿ ಹಾಕುತ್ತಾರೆ. ಎರಡೂ ಮೆತ್ತಗಾದ ಮೇಲೆ ನೀರನ್ನು ಇನ್ನೊಂದು ಪಾತ್ರೆಗೆ ಬಸಿಯುತ್ತಾರೆ. ಅದೇ ಕಟ್ಟು. ಹುರಿದ ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಹುಣಸೆಹಣ್ಣು, ಜೊತೆಗೊಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿದ ಖಾರ ಕಟ್ಟಿಗೆ ಬಿದ್ದು ಕುದಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಸಿದ ಹೊತ್ತಿಗೂ ಖಾರ ಬೀಳುವ ಹೊತ್ತಿಗೂ ನಡುವೆ ಐದು ನಿಮಿಷದ ಬಿಡುವಿರುತ್ತದೆ. ಮಗುವಿನ ಬಟ್ಟಲು ತುಂಬುವುದು ಆಗ.

ಆ ಐದು ನಿಮಿಷವನ್ನು ಹಿಡಿಯುವುದೇ ಕಸುಬುದಾರಿಕೆ. ಮನೆಯಲ್ಲಿ ವರ್ಷದೊಳಗಿನ ಕೂಸಿದ್ದರೆ ಕಾಳು ಬೇಯುವಾಗ ಉಪ್ಪು ಹಾಕದೆ, ಬಟ್ಟಲು ತೆಗೆದಿಟ್ಟ ಮೇಲೆ ಹಾಕುತ್ತಾರೆ. ವರ್ಷ ತುಂಬುವವರೆಗೆ ಮೇಲುಪ್ಪು ಬೇಡ, ಸಕ್ಕರೆ ಬೇಡ ಎಂದು ಮಕ್ಕಳ ವೈದ್ಯರೂ ಹೇಳುತ್ತಾರೆ. ಜೇನುತುಪ್ಪವಂತೂ ಆ ವಯಸ್ಸಿನಲ್ಲಿ ನಾಲಿಗೆಗೆ ಸವರುವಷ್ಟೂ ಕೂಡದು. ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣುಗಳನ್ನು ಎದುರಿಸುವ ಶಕ್ತಿ ಎಳೆಗರುಳಿಗೆ ಇರುವುದಿಲ್ಲ. ದಂಟಿನ ಸೊಪ್ಪಾದರೆ ನಾರಿನ ಕಡ್ಡಿಯನ್ನು ಬಿಟ್ಟು ಎಲೆಯನ್ನಷ್ಟೇ ಆರಿಸುತ್ತಾರೆ. ಕಾಳನ್ನು ಸೌಟಿನ ಬೆನ್ನಿಂದ ಹಿಸುಕಿ, ಎರಡು ಹಿಡಿ ಮೆತ್ತನೆಯ ಅನ್ನ ಸೇರಿಸಿ, ಕಟ್ಟು ಹೊಯ್ದು, ಮೇಲೊಂದು ಚಮಚ ತುಪ್ಪ. ನಿಂಬೆಹಣ್ಣಿನ ನಾಲ್ಕು ಹನಿ ಹಿಂಡಿದರೆ ಇನ್ನೂ ಒಳ್ಳೆಯದು. ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಕೂಸು ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೇಲೂಟ ಶುರುವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಇದೂ ಒಂದು ಕಾರಣ.

ಹೀಗೆ ತೆಗೆದಿಟ್ಟ ಬಟ್ಟಲು ಮಗುವನ್ನು ಮನೆಯವರ ಊಟದಿಂದ ದೂರ ಇಡುವುದಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಅದೇ ಸೊಪ್ಪಿನ ವಾಸನೆ, ಅದೇ ಕಾಳು. ವರ್ಷ ದಾಟಿದ ಮೇಲೆ ಕಟ್ಟಿಗೆ ಅರ್ಧ ಚಮಚ ಸಾರು ಬೆರೆಸುತ್ತಾರೆ. ಆಮೇಲೆ ಒಂದು ಚಮಚ, ಎರಡು ಚಮಚ. ಕಣ್ಣಲ್ಲಿ ನೀರು ಬಂದರೆ ಒಂದು ಹೆಜ್ಜೆ ಹಿಂದಕ್ಕೆ. ಈ ಏಣಿ ಹತ್ತಲು ಒಂದೊಂದು ಮಗುವಿಗೆ ಒಂದೊಂದು ಅವಧಿ ಬೇಕು. ಪೇಟೆಯ ಡಬ್ಬಿಯಲ್ಲಿ ಬರುವ ಮಕ್ಕಳ ಆಹಾರ ಎಷ್ಟೇ ಶುಚಿಯಾಗಿದ್ದರೂ ಅದರ ರುಚಿ ಎಂದೂ ಒಂದೇ; ಅದರಿಂದ ಮನೆಯ ಸಾರಿನ ಕಡೆಗೆ ಏಣಿ ಇಲ್ಲ.

ಇನ್ನು ರಾಗಿ. ಹಳೇ ಮೈಸೂರು ಸೀಮೆಯಲ್ಲಿ ಕೂಸಿನ ಮೊದಲ ಉಣಿಸು ಬಹುಪಾಲು ರಾಗಿ ಸರಿಯೇ. ರಾಗಿಯನ್ನು ತೊಳೆದು, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ. ನೆರಳಲ್ಲಿ ಒಣಗಿಸಿ, ಮೊಳಕೆಯನ್ನು ತಿಕ್ಕಿ ಕೇರಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸುತ್ತಾರೆ. ಇಷ್ಟೆಲ್ಲ ಯಾಕೆ, ಹಾಗೇ ಬೀಸಿದರಾಗದೇ ಎಂದು ಕೇಳುವವರಿದ್ದಾರೆ. ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ತುಂಡರಿಸುವುದರಿಂದ ಸರಿ ಗಟ್ಟಿಯಾಗಿ ನಿಲ್ಲದೆ ತೆಳ್ಳಗೆ ಹರಿಯುತ್ತದೆ. ಸಾದಾ ಹಿಟ್ಟನ್ನು ಕೂಸು ನುಂಗುವಷ್ಟು ತೆಳ್ಳಗೆ ಮಾಡಬೇಕೆಂದರೆ ನೀರು ಹೆಚ್ಚಿಸಬೇಕು, ಆಗ ಪುಟ್ಟ ಹೊಟ್ಟೆಯೆಲ್ಲ ನೀರೇ ತುಂಬುತ್ತದೆ. ಮೊಳಕೆ ಹಿಟ್ಟಾದರೆ ಅಷ್ಟೇ ತೆಳುವಿನಲ್ಲಿ ಹೆಚ್ಚು ಧಾನ್ಯ ಹೊಟ್ಟೆ ಸೇರುತ್ತದೆ. ಕಬ್ಬಿಣ, ಸುಣ್ಣಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಮೊಳಕೆಯಲ್ಲಿ ತಗ್ಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ಕಿಣ್ವದ ಹೆಸರು ಕೇಳದ ಅಜ್ಜಿಯರು ಸರಿಯ ಹದವನ್ನು ಸೌಟಿನಿಂದ ಇಳಿಯುವ ಧಾರೆ ನೋಡಿಯೇ ತೀರ್ಮಾನಿಸುತ್ತಿದ್ದರು. ಆ ಕಣ್ಣಳತೆಯ ಬಗ್ಗೆ ನನಗಿರುವ ಗೌರವ ಅಷ್ಟಿಷ್ಟಲ್ಲ.

ಮುದ್ದೆಯ ವಿಷಯದಲ್ಲಿ ಎಚ್ಚರ ಬೇಕು. ದೊಡ್ಡವರು ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ರಾಗಿಯಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ. ಬಿಸಿನೀರಲ್ಲಿ ಬೆಂದು ಅಂಟಾದ ಪಿಷ್ಟವೇ ಮುದ್ದೆಯನ್ನು ಹಿಡಿದಿಡುವುದು. ಎಳೆ ಗಂಟಲಿಗೆ ಆ ಅಂಟು ಅಪಾಯ. ಆದ್ದರಿಂದ ಬಲ್ಲವರು ಮುದ್ದೆ ತೊಳಸಿದ ಕೂಡಲೇ, ಇನ್ನೂ ಹಬೆಯಾಡುತ್ತಿರುವಾಗ ಒಂದು ಚೂರು ಕಿತ್ತು, ಬಿಸಿ ಕಟ್ಟಿನಲ್ಲಿ ಹೆಬ್ಬೆರಳಿಂದ ತಿಕ್ಕಿ ಪೂರಾ ಸಡಿಲ ಮಾಡುತ್ತಾರೆ. ಆರಿದ ಮುದ್ದೆ ಹೀಗೆ ಕರಗುವುದಿಲ್ಲ, ಗಂಟು ಉಳಿಯುತ್ತದೆ.

ಅಡುಗೆಯ ಮಾತು ಇಷ್ಟು. ಇನ್ನರ್ಧ ಕಸುಬು ಕೈತುತ್ತಿನಲ್ಲಿದೆ. ಕಲಸುವ ಬೆರಳಿಗೆ ಬಿಸಿ ಎಷ್ಟು, ಗಂಟೆಲ್ಲಿ, ಮೆಣಸಿನ ಸಿಪ್ಪೆ ಎಲ್ಲಿ ಅಡಗಿದೆ ಎಲ್ಲವೂ ತಿಳಿಯುತ್ತದೆ. ಚಮಚಕ್ಕೆ ಇದು ತಿಳಿಯದು. ಸೋಪು ಹಚ್ಚಿ ತೊಳೆದ ಕೈ, ಮೋಟಾಗಿ ಕತ್ತರಿಸಿದ ಉಗುರು ಇವು ಮೊದಲ ಶರತ್ತು. ನಾಲ್ಕು ಬೆರಳ ತುದಿಗೆ ತುತ್ತನ್ನು ತಂದು, ಹೆಬ್ಬೆರಳಿಂದ ಮೆಲ್ಲನೆ ಮುಂದಕ್ಕೆ ಸರಿಸಿ, ಕೆಳತುಟಿಯ ಮೇಲೆ ಇಟ್ಟು ಕಾಯಬೇಕು. ತುಟಿ ಮುಚ್ಚಿ ಒಳಗೆಳೆದುಕೊಳ್ಳುವ ಕೆಲಸ ಮಗುವಿನದು. ಅವಸರದವರು ತುತ್ತನ್ನು ನಾಲಿಗೆಯ ಹಿಂಭಾಗಕ್ಕೆ ತಳ್ಳುತ್ತಾರೆ, ಮಗು ಓಕರಿಸುತ್ತದೆ, ಮನೆಯೆಲ್ಲ ಗಾಬರಿ. ಎಳೆಯ ಮಕ್ಕಳಿಗೆ ಓಕರಿಕೆ ಹುಟ್ಟುವ ಜಾಗ ನಾಲಿಗೆಯ ಮೇಲೆ ದೊಡ್ಡವರಿಗಿಂತ ಮುಂದಿರುತ್ತದೆ. ಹೀಗಾಗಿ ಕಲಿಯುವ ದಿನಗಳಲ್ಲಿ ಓಕರಿಕೆ ಸಹಜ, ಅದು ಕಾವಲು. ಕೆಮ್ಮುತ್ತಿದ್ದರೆ, ದನಿ ಹೊರಡುತ್ತಿದ್ದರೆ ಉಸಿರಾಡುತ್ತಿದೆ ಎಂದರ್ಥ. ಪಕ್ಕದಲ್ಲಿ ಕೂತು ನೋಡುತ್ತಿದ್ದರೆ ಸಾಕು. ದನಿಯೇ ಹೊರಡದೆ ಮುಖ ಬಣ್ಣಗೆಟ್ಟರೆ ಅದು ಗಂಟಲು ಕಟ್ಟಿದ್ದು, ಆಗ ಒಂದು ಕ್ಷಣವೂ ತಡಮಾಡುವಂತಿಲ್ಲ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿಹಣ್ಣು ನಾಲ್ಕು ವರ್ಷದೊಳಗಿನವರ ಕೈಗೆ ಹೋಗಬಾರದು. ಬೀಜವನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಡಬೇಕು. ಉಣ್ಣುವ ಮಗು ಕೂತಿರಬೇಕು. ಓಡುವ ಮಗುವಿನ ಹಿಂದೆ ತಟ್ಟೆ ಹಿಡಿದು ಓಡಬಾರದು.

ಎರಡು ತುತ್ತಿನ ನಡುವಿನ ಅಂತರವೇ ಕೈತುತ್ತಿನ ತಾಳ. ಬಾಯಿ ಖಾಲಿಯಾಯಿತೆಂದು ಮಗು ತಾನೇ ಮುಂದೆ ಬಾಗುತ್ತದೆ, ಕೈಯನ್ನು ಎಳೆದುಕೊಳ್ಳುತ್ತದೆ. ಸಾಕಾದಾಗ ಮುಖ ತಿರುಗಿಸುತ್ತದೆ, ತುಟಿ ಬಿಗಿಯುತ್ತದೆ, ಅನ್ನದಲ್ಲಿ ಆಟ ಶುರುವಾಗುತ್ತದೆ. ಇದನ್ನು ಓದಿ ಕೈ ನಿಲ್ಲಿಸುವವರನ್ನು ನಾನು ನಿಜವಾದ ಕಸುಬುದಾರರು ಎನ್ನುತ್ತೇನೆ. ನಮ್ಮಲ್ಲಿ ಕಾಗೆಗೊಂದು ಪಾಲು, ಗುಬ್ಬಿಗೊಂದು ಪಾಲು ಎಂದು ತುತ್ತು ಹಂಚುತ್ತಾ ಉಣಿಸುವ ಪದ್ಧತಿ ಇದೆ. ಬಲು ಚೆಂದದ ಪದ್ಧತಿ. ಹಸಿದಿದ್ದೂ ಗಮನ ಚದುರಿದ ಮಗುವನ್ನು ಅದು ಮತ್ತೆ ಊಟಕ್ಕೆ ಕರೆತರುತ್ತದೆ. ಆದರೆ ಹೊಟ್ಟೆ ತುಂಬಿದ ಮೇಲೆ ಗುಬ್ಬಿಯ ಪಾಲನ್ನು ಗುಬ್ಬಿಗೇ ಬಿಡುವುದು ನ್ಯಾಯ.

ಮಗುವಿಗೆ ತನ್ನ ಹಸಿವಿನ ಅಳತೆ ಗೊತ್ತಿರುತ್ತದೆಯೇ ಎಂಬ ಅನುಮಾನ ಎಲ್ಲ ತಾಯಂದಿರಿಗೂ ಇದೆ. ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ 1920ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಲು ಹೊರಟರು. ಎದೆಹಾಲು ಬಿಡಿಸಿದ 15 ಕೂಸುಗಳ ಮುಂದೆ ಬೇಯಿಸಿದ ಧಾನ್ಯ, ಮಾಂಸ, ಮೊಟ್ಟೆ, ತರಕಾರಿ, ಹಣ್ಣು, ಹಾಲು ಹೀಗೆ ಸಾದಾ ಪದಾರ್ಥಗಳನ್ನು ಬೇರೆ ಬೇರೆ ಬಟ್ಟಲಲ್ಲಿ ಇಟ್ಟು, ಯಾವುದನ್ನು ಎಷ್ಟು ತಿನ್ನಬೇಕೆಂಬುದನ್ನು ಕೂಸಿಗೇ ಬಿಟ್ಟರು. ದಾದಿಯರು ಒತ್ತಾಯಿಸುವಂತಿರಲಿಲ್ಲ, ಇದನ್ನು ತಿನ್ನು ಎಂದು ಸೂಚಿಸುವಂತೆಯೂ ಇರಲಿಲ್ಲ. ಒಂದೊಂದು ಹೊತ್ತಿನ ಊಟ ನೋಡಿದರೆ ತಲೆಬುಡ ಇರಲಿಲ್ಲ. ತಿಂಗಳುಗಟ್ಟಲೆ ಲೆಕ್ಕ ಹಾಕಿದಾಗ ಮಕ್ಕಳೆಲ್ಲ ಚೆನ್ನಾಗಿ ಬೆಳೆದಿದ್ದರು. 1939ರಲ್ಲಿ ಪ್ರಕಟಿಸಿದ ವರದಿಯಲ್ಲಿ ಡೇವಿಸ್ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿದರು: ಇದರ ಗುಟ್ಟು ಇರುವುದು ಮಕ್ಕಳ ಮುಂದಿಟ್ಟ ಪದಾರ್ಥಗಳ ಪಟ್ಟಿಯಲ್ಲಿ. ಸಿಹಿತಿಂಡಿ, ಕರಿದ ಕುರುಕಲು ಅದರಲ್ಲಿ ಇರಲೇ ಇಲ್ಲ. ಮುಂದೆ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಈ ಹಂಚಿಕೆಯನ್ನು ಸರಳ ಸೂತ್ರವಾಗಿಸಿದರು. ಏನು, ಯಾವಾಗ, ಎಲ್ಲಿ ಉಣ್ಣುವುದು ಎಂಬುದು ದೊಡ್ಡವರ ಜವಾಬ್ದಾರಿ. ಉಣ್ಣಬೇಕೇ, ಎಷ್ಟು ಎಂಬುದು ಮಗುವಿನದು.

ಎರಡು ವರ್ಷದ ಆಸುಪಾಸಿನಲ್ಲಿ ನಿನ್ನೆಯವರೆಗೆ ತಿನ್ನುತ್ತಿದ್ದ ಸೊಪ್ಪನ್ನೇ ಮಗು ಉಗುಳತೊಡಗುತ್ತದೆ. ನಡೆದಾಡುವ ಜೀವ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಿರಲೆಂದು ಪ್ರಕೃತಿ ಇಟ್ಟ ಅಂಜಿಕೆ ಇದು ಎಂದು ಅನೇಕ ಸಂಶೋಧಕರು ಭಾವಿಸುತ್ತಾರೆ. ಹೊಸ ರುಚಿಯೊಂದು ಒಗ್ಗಲು ಹತ್ತು ಹದಿನೈದು ಸಲ ಕಣ್ಣಿಗೆ, ನಾಲಿಗೆಗೆ ಬೀಳಬೇಕಾಗಬಹುದು. ಮೂರನೆಯ ಸಲಕ್ಕೇ ನಮ್ಮ ಮಗುವಿಗೆ ಸೊಪ್ಪು ಸೇರುವುದಿಲ್ಲ ಎಂದು ಊರಿಗೆಲ್ಲ ಸಾರಿಬಿಡುತ್ತೇವೆ, ಮಗು ಅದನ್ನು ಕೇಳಿಸಿಕೊಳ್ಳುತ್ತದೆ. ತಟ್ಟೆಯ ಅಂಚಿನಲ್ಲಿ ಚಿಟಿಕೆಯಷ್ಟು ಸೊಪ್ಪು ಬಡಿಸಿ, ಅದರ ಸುದ್ದಿ ಎತ್ತದೆ, ತಾವು ರುಚಿಯಾಗಿ ಉಣ್ಣುವವರೇ ಕೊನೆಗೆ ಗೆಲ್ಲುತ್ತಾರೆ.

ಮೊಬೈಲ್ ತೋರಿಸಿ ಉಣಿಸುವುದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಚಂದಮಾಮನನ್ನು ತೋರಿಸಿ ಉಣಿಸಿದಂತೆಯೇ ಇದೂ ಅಲ್ಲವೇ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಚಂದಿರನ ಕಡೆ ಬೆರಳು ತೋರಿಸಿದ ಮಗು ಮರುಗಳಿಗೆಯಲ್ಲಿ ಉಣಿಸುವವರ ಮುಖಕ್ಕೆ, ಕೈಗೆ, ತುತ್ತಿಗೆ ಮರಳುತ್ತದೆ. ಪರದೆ ಹಾಗೆ ಬಿಟ್ಟುಕೊಡುವುದಿಲ್ಲ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಏನು ತಿಂದೆನೆಂಬುದು ಮಗುವಿಗೆ ತಿಳಿಯದು, ಸಾಕಾಯಿತೆಂಬ ಸೂಚನೆಯೂ ಉಣಿಸುವವರಿಗೆ ಸಿಗದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ವರ್ಷದ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದೇ ಬೇಡವೆಂದು ಸಲಹೆ ನೀಡಿತು.

ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳು ಕೂಡಿಸಿ ಹೆಕ್ಕಲು ಬರುತ್ತದೆ. ಆಗ ಎರಡು ತಟ್ಟೆ ಇಡಬೇಕು. ಉಣಿಸುವ ತಟ್ಟೆ ದೊಡ್ಡವರ ಕೈಯಲ್ಲಿ. ಇಡ್ಲಿಯ ಚೂರು, ಬೆಂದ ಕ್ಯಾರೆಟ್ಟಿನ ತುಂಡು, ಹಿಸುಕಿದ ಅವರೆಕಾಳು ಇರುವ ಇನ್ನೊಂದು ತಟ್ಟೆ ಮಗುವಿನ ಮುಂದೆ. ನೆಲ ಹಾಳಾಗುತ್ತದೆ, ಆಗಲಿ. ಬೆರಳು ಅನ್ನವನ್ನು ಅರಿಯುವ ಪಾಠ ಇದು. ಕೈಯಲ್ಲಿ ಉಣ್ಣುವ ನಮ್ಮ ನಾಡಿನಲ್ಲಿ ಈ ಪಾಠ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಅನ್ನ ಕಲಸುವುದು ಬಂದರೂ ತಿಳಿಸಾರು ಅಂಗೈಯಿಂದ ಮೊಣಕೈಗೆ ಇಳಿಯದಂತೆ ಉಣ್ಣುವುದು ಸುಲಭಕ್ಕೆ ಬರುವುದಿಲ್ಲ.

ಎಲ್ಲರೂ ಒಟ್ಟಿಗೆ ಕೂರುವುದು ಬೆಂಗಳೂರಿನಂಥ ಊರಲ್ಲಿ ಕಷ್ಟ. ಏಳೂವರೆಗೆ ಮಗುವಿಗೆ ಹಸಿವು, ಒಂಬತ್ತಕ್ಕೆ ಅಪ್ಪ ಅಮ್ಮನ ಬರವು. ಹೊತ್ತಿಗೆ ಸರಿಯಾಗಿ ಮಗುವಿಗೆ ಉಣಿಸಿ, ಅಷ್ಟರಲ್ಲಿ ಮನೆ ಸೇರಿದ ಒಬ್ಬರಾದರೂ ಅದರ ಜೊತೆ ತಟ್ಟೆ ಹಾಕಿಕೊಂಡು ಕೂರುವುದು ಒಳ್ಳೆಯ ದಾರಿ. ಅದೂ ಆಗದಿದ್ದರೆ ಬೆಳಗಿನ ತಿಂಡಿಯನ್ನಾದರೂ ಕೂಡಿ ತಿನ್ನಬಹುದು. ಮಗುವಿನ ಎದುರಿಗೆ ಉಣ್ಣುವವರೊಬ್ಬರು ಇರಬೇಕು, ಬರೇ ಉಣಿಸುವವರು ಸಾಲದು. ಈ ಕೆಲಸಕ್ಕೆ ಹೆಣ್ಣು ಕೈಯೇ ಆಗಬೇಕೆಂಬುದೂ ಇಲ್ಲ. ನಿಧಾನವಾಗಿ, ಸೊಗಸಾಗಿ ಉಣಿಸುವ ತಂದೆಯರು, ಅಜ್ಜಂದಿರು ಬೇಕಾದಷ್ಟಿದ್ದಾರೆ.

ಕೂಡಿ ಕೂತರೆ ಮಾತು ಬರುತ್ತದೆ. ಹಾರ್ವರ್ಡಿನ ಕ್ಯಾಥರೀನ್ ಸ್ನೋ ಮತ್ತು ಸಂಗಡಿಗರು 1980ರ ದಶಕದ ಕೊನೆಯಿಂದ ಬಾಸ್ಟನ್ ಸುತ್ತಿನ ಬಡ ಕುಟುಂಬಗಳ ಮಕ್ಕಳನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿದರು. ಅವರ ಊಟದ ಹೊತ್ತಿನ ಮಾತುಗಳನ್ನೂ ಧ್ವನಿಮುದ್ರಿಸಿಕೊಂಡರು. ಆ ಮಾತಿನ ನಡುವೆ ಅಪರೂಪದ ಪದಗಳನ್ನು ಹೆಚ್ಚು ಕೇಳಿದ ಮಕ್ಕಳ ಪದಸಂಪತ್ತು ಮುಂದೆ ಹೆಚ್ಚಾಗಿತ್ತು. ಇದು ಪಾಠ ಹೇಳುವ ಮಾತಲ್ಲ, ತಾನಾಗಿ ಹುಟ್ಟುವ ಮಾತು. ಮುದ್ದೆ ಯಾಕೆ ಕಪ್ಪು ಎಂದು ಮೂರು ವರ್ಷದವಳು ಕೇಳುತ್ತಾಳೆ. ರಾಗಿಯ ಸಿಪ್ಪೆ ಆ ಬಣ್ಣದ್ದು, ಅದನ್ನೂ ಸೇರಿಸಿ ಬೀಸುತ್ತೇವೆ ಎನ್ನುತ್ತಾನೆ ಅಪ್ಪ. ಅಜ್ಜ ತೆನೆ, ಕಣ, ಒಕ್ಕಣೆ, ಮೊರ ಎಂದು ಶುರು ಮಾಡುತ್ತಾನೆ. ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದ ಸಾವಿರಾರು ವರ್ಷಗಳ ಹಿಂದೆ ರಾಗಿ ಇಲ್ಲಿಗೆ ಬಂದದ್ದು, ಮಂಡ್ಯದಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಕೂಡಿಕೆ ಮಾಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ್ದು, ಎಲ್ಲವೂ ಆ ಊಟದಲ್ಲೇ ಬರಬಹುದು. ಅವಳಿಗೆ ಅದರಲ್ಲಿ ಮೊರ ಒಂದೇ ಅರ್ಥವಾದೀತು. ಅದನ್ನೇ ಹಿಡಿದು ನಾಳೆ ಇನ್ನೊಂದು ಪ್ರಶ್ನೆ ಕೇಳುತ್ತಾಳೆ. ಉತ್ತರ ಹೇಳಲು ಮನೆಯವರೊಬ್ಬರು ತಟ್ಟೆಯ ಮುಂದೆ ಇರಬೇಕು.