ಭಂಗಾರಕ್ಕೆ ಹೊರಟಿದ್ದ ಮೋಟಾರು

ಪುಣೆಯಲ್ಲಿ ಗುಜರಿ ಸಾಮಾನಿಗೆ ‘ಭಂಗಾರ’ ಅಂತಾರೆ. ಮಹಾಪ್ರಾಣ ಬಿಟ್ಟು ಓದಿದರೆ ನಮ್ಮ ಬಂಗಾರ! ಕಳೆದ ಮಳೆಗಾಲದಲ್ಲಿ ಭೋಸರಿಯ ನಮ್ಮ ಕಾಕಾ ಅವರ ವರ್ಕ್‌ಶಾಪಿನಲ್ಲಿ ಈ ಒಂದಕ್ಷರದ ಮೇಲೇ ವಾದ ನಡೆಯಿತು.

ಕಾಕಾ ಗೋಕಾಕ ಕಡೆಯವರು. ಅವರ ಅಂಗಡಿಯ ಅನ್ನದ ದಾರಿ ಎಂದರೆ ಹರಾಜಿನಲ್ಲಿ ಕೊಂಡ, ಎಂಬತ್ತರ ದಶಕದ ಒಂದು ಸಿಎನ್‌ಸಿ ಮಿಲ್ಲಿಂಗ್ ಯಂತ್ರ. ಅದರ ಎಕ್ಸ್ ಅಕ್ಷದ ಡ್ರೈವ್ ಸುಟ್ಟುಹೋಗಿತ್ತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಭಂಗಾರಕ್ಕೆ ಹಾಕಿ, ಹೊಸದು ತಗೊಳ್ಳಿ ಎಂದು ಏಜೆಂಟ್ ಹೇಳಿ ಹೋಗಿದ್ದ. ಹೊಸದು ಅಂದರೆ ಅರವತ್ತು ದಾಟಿದ ವಯಸ್ಸಿನಲ್ಲಿ ಮನೆ ಅಡ ಇಟ್ಟು ಸಾಲ.

“ತಮ್ಮಾ, ನೀ ಕಂಪ್ಯೂಟರ್ ಮಂದಿ. ಇದರಾಗೂ ಕಂಪ್ಯೂಟರ್ ಐತಿ. ಒಮ್ಮಿ ನೋಡಿ ಹೋಗಲ್ಲ,” ಅಂದರು.

ನಾನು ಎಂ.ಟೆಕ್. ಮಾಡಿದ್ದು ಎಲೆಕ್ಟ್ರಾನಿಕ್ಸ್‌ನಲ್ಲೇ. ಆದರೆ ಹಿಂಜವಡಿಗೆ ಬಂದ ಮೇಲೆ ಮುಟ್ಟಿದ್ದು ಕೀಬೋರ್ಡ್ ಮಾತ್ರ. ಆದರೂ ಶನಿವಾರ ಹೋದೆ. ಮೋಟಾರನ್ನು ಸ್ಕ್ರೂನಿಂದ ಬಿಡಿಸಿ, ಕಾರಿನ 12 ವೋಲ್ಟ್ ಬ್ಯಾಟರಿ ಕೊಟ್ಟು ನೋಡಿದೆವು. ಸದ್ದಿಲ್ಲದೆ, ನಿಧಾನಕ್ಕೆ ತಿರುಗಿತು. ಸತ್ತದ್ದು ಡ್ರೈವ್, ಮೋಟಾರಲ್ಲ.

ಡಿಸಿ ಸರ್ವೋ ಮೋಟಾರಿನಲ್ಲಿ ಇರುವುದೇ ತಾಮ್ರ, ಕಬ್ಬಿಣ, ಅಯಸ್ಕಾಂತ. ಸವೆಯುವುದು ಕಾರ್ಬನ್ ಬ್ರಷ್ ಮತ್ತು ಬೇರಿಂಗ್. ಬ್ರಷ್ ಹೊಸದು ಹಾಕಿ, ಕಮ್ಯುಟೇಟರ್ ಸಂದಿಯಲ್ಲಿ ತುಂಬಿದ್ದ ಕರಿಪುಡಿ ತೆಗೆದು, ಮೆಗ್ಗರ್‌ನಿಂದ ಇನ್ಸುಲೇಷನ್ ನೋಡಿದೆವು. ಉತ್ಸಾಹದಲ್ಲಿ ನಾನು ರೋಟರನ್ನೇ ಹೊರಗೆಳೆಯಲು ಹೋದಾಗ ರಿವೈಂಡಿಂಗ್ ಅಂಗಡಿಯವರು ಕೈ ಹಿಡಿದು ತಡೆದರು. ಆಲ್ನಿಕೋ ಅಯಸ್ಕಾಂತದ ಹಳೆಯ ಮೋಟಾರಾದರೆ, ರೋಟರ್ ಹೊರಬಂದ ಕ್ಷಣವೇ ಅಯಸ್ಕಾಂತದ ಬಲ ಇಳಿದುಬಿಡುತ್ತದೆ. ಮತ್ತೆ ಅಯಸ್ಕಾಂತೀಕರಿಸದೆ ಅದು ಮರಳುವುದಿಲ್ಲ. ಮಿತಿ ಮೀರಿದ ಕರೆಂಟ್ ಹರಿದರೂ ಇದೇ ಗತಿ. ಆದ್ದರಿಂದ ಹೊಸ ಡ್ರೈವ್ ಬಂದಾಗ ಮೊದಲು ಮಾಡಿದ ಕೆಲಸ, ಮೋಟಾರಿನ ನಾಮಫಲಕ ನೋಡಿ ಕರೆಂಟ್ ಮಿತಿ ಹೊಂದಿಸಿದ್ದು.

ಮೋಟಾರೇ ಸುಟ್ಟಿದ್ದರೆ ಎಸಿ ಸರ್ವೋ ಹಾಕಿ ಅನ್ನುತ್ತಿದ್ದೆ; ಬ್ರಷ್ಷಿನ ರಗಳೆ ಇರುವುದಿಲ್ಲ. ಆದರೆ ಅದರ ಫ್ಲ್ಯಾಂಜ್, ಶಾಫ್ಟ್ ಎಲ್ಲದರ ಅಳತೆಯೂ ಬೇರೆ. ಇರುವ ಮೂರು ಮೋಟಾರುಗಳು ಗಟ್ಟಿಯಾಗಿದ್ದಾಗ ಅಷ್ಟು ಖರ್ಚು ಯಾಕೆ?

ಹಳೆಯ ಡ್ರೈವ್ ಥೈರಿಸ್ಟರಿನದು. ಮನೆಯ ಕರೆಂಟಿನ 50 ಹರ್ಟ್ಸ್ ಲಯಕ್ಕೇ ಕಟ್ಟುಬಿದ್ದು, ಮೋಟಾರಿಗೆ ಕರೆಂಟನ್ನು ತುಂಡು ತುಂಡಾಗಿ ಕೊಡುತ್ತದೆ. ಅದಕ್ಕೇ ಆ ಗುಂಯ್ ಸದ್ದು, ಬಿಸಿ. ಹೊಸ ಪಿಡಬ್ಲ್ಯುಎಂ ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಮಾಡುವುದರಿಂದ ಕರೆಂಟ್ ನಯವಾಗಿ ಹರಿಯುತ್ತದೆ. ಸದ್ದು ನಿಂತಾಗ ಇಪ್ಪತ್ತು ವರ್ಷದ ಹಳೇ ಆಪರೇಟರ್, ಯಂತ್ರ ಬಂದ್ ಆಯ್ತೇನೋ ಅಂತ ಗಾಬರಿಯಾದರು.

ಹಳೆಯ ಕಂಟ್ರೋಲರ್ ಬದಲು ಲಿನಕ್ಸ್‌ಸಿಎನ್‌ಸಿ ತಂತ್ರಾಂಶ ಹಾಕಿದೆ. ವೇಗ ಹೇಳುವ ಟ್ಯಾಕೋ ಹಾಗೇ ಉಳಿಯಿತು. ಸ್ಥಾನ ಹೇಳುತ್ತಿದ್ದ ರೆಸಾಲ್ವರ್ ಜಾಗಕ್ಕೆ 2500 ಗೆರೆಯ ಎನ್‌ಕೋಡರ್ ಬಂತು. ಎ, ಬಿ ಎರಡು ಸಿಗ್ನಲ್‌ಗಳ ಏರಿಳಿತ ಎಣಿಸಿದರೆ ಒಂದು ಸುತ್ತಿಗೆ 10,000 ಎಣಿಕೆ. ಸ್ಕ್ರೂ ಸುತ್ತಿಗೆ 10 ಮಿ.ಮೀ. ಸಾಗುತ್ತದೆ, ಅಂದರೆ ಒಂದು ಎಣಿಕೆಗೆ ಒಂದು ಮೈಕ್ರಾನ್.

ಮೊದಲ ಸಲ ಪವರ್ ಕೊಟ್ಟ ದಿನ ಮರೆಯಲಾರೆ. ಎನ್‌ಕೋಡರಿನ ದಿಕ್ಕು ಉಲ್ಟಾ ಇತ್ತು. ಟೇಬಲ್ ಬಲಕ್ಕೆ ಜರುಗಿದರೆ ‘ಎಡಕ್ಕೆ ಬಂದೆ’ ಅನ್ನುತ್ತಿತ್ತು. ಕಂಟ್ರೋಲರ್ ಅದನ್ನು ಸರಿಪಡಿಸಲು ಇನ್ನಷ್ಟು ಬಲಕ್ಕೆ ದೂಡುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಟೇಬಲ್ ಓಡಿತು. ನಾನು ಮೌಸ್ ಹುಡುಕುತ್ತಿದ್ದೆ! ಕೆಂಪು ಗುಂಡಿ ಒತ್ತಿದ್ದು ಆಪರೇಟರ್. ಕೋಡ್ ತಪ್ಪಿದರೆ ಹಿಂದಿನ ಆವೃತ್ತಿಗೆ ಮರಳಬಹುದು; ಕ್ವಿಂಟಾಲುಗಟ್ಟಲೆ ಕಬ್ಬಿಣಕ್ಕೆ ಆ ಸೌಲಭ್ಯ ಇಲ್ಲ. ಪವರ್ ಕೊಡುವ ಮುಂಚೆ ಸ್ಕ್ರೂವನ್ನು ಕೈಯಲ್ಲೇ ತಿರುಗಿಸಿ, ಪರದೆಯಲ್ಲಿ ಅಂಕಿ ಏರುತ್ತದೋ ಇಳಿಯುತ್ತದೋ ನೋಡಿದ್ದರೆ ಸಾಕಿತ್ತು. ಸ್ಥಾನದ ತಪ್ಪು ಒಂದು ಮಿ.ಮೀ. ದಾಟಿದರೆ ತಾನೇ ನಿಲ್ಲುವಂತೆ ಅಂದೇ ಹೊಂದಿಸಿದೆ.

ಆಮೇಲೆ ಇನ್ನೊಂದು ಕಾಟ. ಯಂತ್ರ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸ್ವಲ್ಪ ದಾರಿ ತಪ್ಪುತ್ತಿತ್ತು. ಎನ್‌ಕೋಡರ್ ಕೇಬಲ್ ಮೋಟಾರ್ ಕೇಬಲ್ ಜೊತೆಗೇ ಒಂದೇ ಕೊಳವೆಯಲ್ಲಿ ಹೋಗುತ್ತಿತ್ತು. ಡ್ರೈವಿನ ಸ್ವಿಚಿಂಗೂ ಬ್ರಷ್ಷಿನ ಕಿಡಿಯೂ ಎಣಿಕೆ ಕೆಡಿಸುತ್ತಿದ್ದವು. ಡಿಫರೆನ್ಷಿಯಲ್ ಎನ್‌ಕೋಡರ್, ಶೀಲ್ಡ್ ಇರುವ ಕೇಬಲ್, ಬೇರೆ ಕೊಳವೆ: ಎರಡು ಭಾನುವಾರ ಹೋದವು. ಮನೆಯಲ್ಲಿ ನನ್ನ ಹೆಂಡತಿ ಕಾಕಾಗೆ ಫೋನ್ ಮಾಡಿ, “ಅವರಿಗೆ ಅಲ್ಲೇ ಹಾಸಿಗೆ ಹಾಕಿಕೊಡಿ,” ಅಂದಳು.

ಒಂದು ಮೈಕ್ರಾನ್ ಎಣಿಕೆ ಎಂದರೆ ಒಂದು ಮೈಕ್ರಾನ್ ನಿಖರತೆ ಅಂದುಕೊಳ್ಳಬೇಡಿ. ಸವೆದ ಸ್ಕ್ರೂನ ಸಡಿಲ ಡಯಲ್ ಗೇಜಿನಲ್ಲಿ 0.04 ಮಿ.ಮೀ. ತೋರಿಸಿತು. ಮೋಟಾರಿನ ಹಿಂದೆ ಕೂತ ಎನ್‌ಕೋಡರಿಗೆ ಅದು ಕಾಣುವುದೇ ಇಲ್ಲ. ತಂತ್ರಾಂಶದಲ್ಲಿ ಸ್ವಲ್ಪ ಮಟ್ಟಿಗೆ ಸರಿದೂಗಿಸಿದೆ. ಸ್ಕ್ರೂ ಬದಲಿಸುವುದು ಮುಂದಿನ ವರ್ಷಕ್ಕೆ.

ಮೊದಲ ಜಾಬ್ ಇಳಿದಾಗ ಕಾಕಾ ಮೈಕ್ರೋಮೀಟರಿನಿಂದ ಮೂರು ಸಲ ಅಳೆದರು. “ನಡೀತೈತಿ,” ಅಂದರು, ಅಷ್ಟೇ. ಪ್ಯಾನೆಲ್ ಬಾಗಿಲಿನ ಒಳಗೆ ಈಗ ವೈರಿಂಗ್ ನಕ್ಷೆ ಅಂಟಿಸಿದ್ದೇನೆ, ಕನ್ನಡ ಮರಾಠಿ ಎರಡರಲ್ಲೂ. ಬ್ರಷ್ ನೋಡುವ ತಾರೀಖುಗಳು ಕಾಕಾ ಅವರ ಗೋಡೆ ಕ್ಯಾಲೆಂಡರಿನಲ್ಲಿವೆ, ಹಾಲಿನ ಲೆಕ್ಕದ ಪಕ್ಕದಲ್ಲಿ.