ಸ್ಪ್ರಿಂಗನ್ನು ಕತ್ತರಿಸುವ ಮುನ್ನ

ಎತ್ತಿನ ಗಾಡಿಯಲ್ಲಿ ಕಲ್ಲುದಾರಿಯ ಪ್ರಯಾಣ ಮಾಡಿದವರಿಗೆ ಸ್ಪ್ರಿಂಗಿನ ಬೆಲೆಯನ್ನು ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಗಾಲಿಗೆ ಬಿದ್ದ ಪೆಟ್ಟು ಅಚ್ಚಿನ ಮೂಲಕ ನೇರವಾಗಿ ಬೆನ್ನುಮೂಳೆಯನ್ನು ಸೇರುತ್ತದೆ. ಆದುದರಿಂದ ವಾಹನಕ್ಕೆ ಸ್ಪ್ರಿಂಗು ಇರುವುದು ಕುಳಿತವರ ಸುಖಕ್ಕಾಗಿ ಎಂದು ನಾವೆಲ್ಲರೂ ಭಾವಿಸಿದ್ದೇವೆ. ಇದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ಮರೆತರೆ ಒದಗುವ ಅಪಾಯವೇನೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ತುಮಕೂರಿನ ರಸ್ತೆಗಳಲ್ಲಿ ಎರಡು ಬಗೆಯಾಗಿ ಮಾರ್ಪಡಿಸಿದ ಕಾರುಗಳನ್ನು ನಾವು ಕಾಣುತ್ತೇವೆ. ಕೆಲವು ತರುಣರು ಕಾರು ನೆಲಕ್ಕೆ ಅಂಟಿದಂತೆ ಕಾಣಲೆಂದು ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಕತ್ತರಿಸಿಹಾಕಿಸುತ್ತಾರೆ. ಗುಬ್ಬಿಯ ಕಡೆಯ ತೋಟದವರ ಚಿಂತೆ ಇದಕ್ಕೆ ವಿರುದ್ಧವಾದುದು. ಅಡಕೆ ಮೂಟೆಗಳನ್ನೂ ಮನೆಮಂದಿಯನ್ನೂ ತುಂಬಿಕೊಂಡ ಕಾರಿನ ತಳ ರಸ್ತೆಯುಬ್ಬಿಗೆ ಉಜ್ಜುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ದುಂಡುಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು ಇರಬೇಕು. ಊರ ಮುಂದಿನ ಎಷ್ಟೋ ಉಬ್ಬುಗಳು ಈ ಅಳತೆಗೆ ಒಳಪಡುವುದಿಲ್ಲ. ಆದಕಾರಣ ಅವರು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರಿನ ತುಂಡುಗಳನ್ನು ತುರುಕಿಸುತ್ತಾರೆ. ಇಲ್ಲವೆ ಸ್ಪ್ರಿಂಗಿನ ಮೇಲೆ ಬಿಲ್ಲೆಗಳನ್ನಿರಿಸಿ ಕಾರನ್ನು ಎತ್ತರಿಸುತ್ತಾರೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹೀಗೆ ತಗ್ಗಿಸಿದ ಕಾರಿನಲ್ಲಿ ತಂಗಿಯೊಡನೆ ತುಮಕೂರಿನಿಂದ ಕುಣಿಗಲ್ಲಿಗೆ ಹೊರಟಿದ್ದನು. ಒಂದು ತಿರುವಿನಲ್ಲಿ ರಸ್ತೆ ಕಿತ್ತುಹೋಗಿತ್ತು. ಅಲ್ಲಿ ಕಾರು ಪುಟಿಯಿತು; ಸ್ಟೀರಿಂಗು ತಿರುಗಿಸಿದರೂ ತಿರುಗದೆ ಪಕ್ಕದ ಹೊಲಕ್ಕಿಳಿಯಿತು. ಪುಣ್ಯಕ್ಕೆ ಪ್ರಾಣಾಪಾಯವಾಗಲಿಲ್ಲ. “ವೇಗ ಹೆಚ್ಚಿರಲಿಲ್ಲ ಸಾರ್, ಆದರೂ ಹೀಗೇಕಾಯಿತು?” ಎಂದು ಅವನು ನಮ್ಮನ್ನು ಕೇಳಿದನು. ಉತ್ತರದ ಬಹುಭಾಗ ಅವನು ಪಿ.ಯು. ತರಗತಿಯ ಪ್ರಯೋಗಶಾಲೆಯಲ್ಲಿ ಕೈಯಾರೆ ತೂಗುಹಾಕಿದ್ದ ಸ್ಪ್ರಿಂಗಿನಲ್ಲಿಯೇ ಇತ್ತು.

ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಟೈರುಗಳ ಅಡಿಯಲ್ಲಿ, ಒಂದೊಂದೂ ಹೆಚ್ಚು ಕಡಮೆ ಅಂಗೈಯಗಲದ ಜಾಗದಲ್ಲಿ ಮಾತ್ರ. ಕಾರನ್ನು ತಿರುಗಿಸುವ ಬಲ, ನಿಲ್ಲಿಸುವ ಬಲ ಎಲ್ಲವೂ ಘರ್ಷಣೆಯಿಂದ ಅಲ್ಲಿಯೇ ಹುಟ್ಟಬೇಕು. ಚಕ್ರವು ನೆಲವನ್ನು ಬಿಟ್ಟ ಕ್ಷಣದಲ್ಲಿ ಆ ಬಲ ಸೊನ್ನೆ. ಉಬ್ಬುತಗ್ಗುಗಳ ಮೇಲೆ ಚಕ್ರವನ್ನು ನೆಲಕ್ಕೆ ಒತ್ತಿಹಿಡಿಯುವುದೇ ಸ್ಪ್ರಿಂಗಿನ ಇನ್ನರ್ಧ ಕೆಲಸ.

ಸ್ಪ್ರಿಂಗು ಕುಗ್ಗುವ ಅಳತೆಯು ಅದರ ಮೇಲಣ ಬಲಕ್ಕೆ ಅನುಪಾತದಲ್ಲಿರುತ್ತದೆಂಬುದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ. 36 ಸೆಂಟಿಮೀಟರು ಉದ್ದದ, ಆರು ಸುತ್ತುಗಳ ಸ್ಪ್ರಿಂಗೊಂದು ಕಾರಿನ ಭಾರಕ್ಕೆ 16 ಸೆಂಟಿಮೀಟರು ಕುಗ್ಗುತ್ತದೆಂದು ಇಟ್ಟುಕೊಳ್ಳೋಣ. ಒಂದು ಸುತ್ತನ್ನು ಕತ್ತರಿಸಿದರೆ ಉದ್ದ 30 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಅದೇ ಭಾರವನ್ನು ಈಗ ಐದೇ ಸುತ್ತುಗಳು ಹೊರಬೇಕಾದುದರಿಂದ ಸ್ಪ್ರಿಂಗು 13.3 ಸೆಂಟಿಮೀಟರು ಮಾತ್ರ ಕುಗ್ಗುತ್ತದೆ. ಎಂದರೆ ಅದರ ಬಿರುಸು ಶೇಕಡಾ 20ರಷ್ಟು ಹೆಚ್ಚಿತು, ಕಾರು 3.3 ಸೆಂಟಿಮೀಟರು ತಗ್ಗಿತು.

ಬಿರುಸಾದ ಸ್ಪ್ರಿಂಗು ಹೆಚ್ಚು ಪೆಟ್ಟನ್ನು ತಾಳಬಲ್ಲದಷ್ಟೆ ಎಂದು ವಾಚಕರು ಕೇಳಬಹುದು. ಲೆಕ್ಕ ಹಾಗೆ ಹೇಳುವುದಿಲ್ಲ. ಚಕ್ರ ಮೇಲಕ್ಕೇರಿ ರಬ್ಬರಿನ ತಡೆಗೆ ಬಡಿಯುವ ಮುನ್ನ ಮೊದಲು 8 ಸೆಂಟಿಮೀಟರು ಅವಕಾಶವಿದ್ದರೆ ಈಗ ಉಳಿಯುವುದು 4.7 ಮಾತ್ರ. ಪೆಟ್ಟಿನ ಶಕ್ತಿಯನ್ನು ನುಂಗುವ ಸಾಮರ್ಥ್ಯವಾದರೋ ಈ ದೂರದ ವರ್ಗವನ್ನು ಅನುಸರಿಸುತ್ತದೆ. ಬಿರುಸಿನ ಹೆಚ್ಚಳವನ್ನು ಸೇರಿಸಿಕೊಂಡರೂ ಸಾಮರ್ಥ್ಯ ಐದರಲ್ಲಿ ಎರಡು ಪಾಲಿಗೆ ಇಳಿದುಹೋಗುತ್ತದೆ. ಮಿಕ್ಕ ಪೆಟ್ಟು ಕಾರನ್ನೇ ಪುಟಿಸುತ್ತದೆ. ಇದಲ್ಲದೆ, ಆಂದೋಲನವನ್ನು ಅಡಗಿಸುವ ಶಾಕ್ ಅಬ್ಸಾರ್ಬರನ್ನು ಹಳೆಯ ಸ್ಪ್ರಿಂಗಿಗೆ ಹೊಂದುವಂತೆ ಮಾಡಲಾಗಿದೆ. ಹೊಸ ಬಿರುಸನ್ನು ಅದು ಮೊದಲಿನಷ್ಟು ಚೆನ್ನಾಗಿ ಅಂಕೆಯಲ್ಲಿಡಲಾರದು. ಪಂದ್ಯದ ಕಾರುಗಳೂ ತಗ್ಗಾಗಿರುವುವು, ನಿಜ. ಅಲ್ಲಿ ಸ್ಪ್ರಿಂಗು, ಅಬ್ಸಾರ್ಬರು, ತಡೆ ಎಲ್ಲವನ್ನೂ ಒಟ್ಟಿಗೆ ಲೆಕ್ಕಹಾಕಿ ರಚಿಸಿರುತ್ತಾರೆ. ಅವು ಓಡುವ ಪಂದ್ಯದ ಹಾದಿಯೂ ನುಣುಪು.

ಕಾರನ್ನು ಎತ್ತರಿಸಿದವರ ಪಾಡೇನು? ರಬ್ಬರು ಬಿಗಿಹಿಡಿದ ಸುತ್ತುಗಳು ಸರಿಯಾಗಿ ಕುಗ್ಗಲಾರವು. ಬಿರುಸಿನ ಮಟ್ಟಿಗೆ ಅವನ್ನು ಕತ್ತರಿಸಿದುದಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಬಿಲ್ಲೆಗಳು ಬಿರುಸನ್ನು ಬದಲಿಸವು, ಗುರುತ್ವಕೇಂದ್ರವನ್ನು ಮೇಲಕ್ಕೊಯ್ಯುತ್ತವೆ. ತಿರುವಿನಲ್ಲಿ ಒಳಚಕ್ರಗಳ ಭಾರದ ಒಂದಂಶ ಹೊರಚಕ್ರಗಳಿಗೆ ವರ್ಗವಾಗುತ್ತದಷ್ಟೆ; ಆ ಅಂಶ ಗುರುತ್ವಕೇಂದ್ರದ ಎತ್ತರಕ್ಕೆ ಅನುಪಾತದಲ್ಲಿದೆ. ಎತ್ತರ 50 ಸೆಂಟಿಮೀಟರಿನಿಂದ 55ಕ್ಕೆ ಏರಿದರೆ ಭಾರದ ವರ್ಗಾವಣೆಯೂ ಹತ್ತರಲ್ಲೊಂದು ಪಾಲು ಹೆಚ್ಚುತ್ತದೆ. ಘರ್ಷಣೆಯು ಭಾರಕ್ಕೆ ಅನುಪಾತದಲ್ಲಿದೆಯೆಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ರಬ್ಬರಿನ ಟೈರು ಈ ನಿಯಮವನ್ನು ಪೂರ್ಣವಾಗಿ ಪಾಲಿಸುವುದಿಲ್ಲ. ಭಾರ ಇಮ್ಮಡಿಸಿದರೆ ಹಿಡಿತ ಇಮ್ಮಡಿಸದು. ಆದುದರಿಂದ ಹೊರಚಕ್ರದ ಗಳಿಕೆ ಒಳಚಕ್ರದ ನಷ್ಟವನ್ನು ತುಂಬಲಾರದು. ಒಟ್ಟು ಹಿಡಿತ ಕುಗ್ಗುತ್ತದೆ. ದೇವರಾಯನದುರ್ಗದ ತಿರುವುಗಳಲ್ಲಿ ಇಳಿಯುವವನಿಗೆ ಇದು ಸಣ್ಣ ನಷ್ಟವಲ್ಲ.

ಕಾನೂನೂ ಇದಕ್ಕೆ ಗಡಿ ಹಾಕಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಮಾಡಿದುದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಗುಬ್ಬಿಯ ತೋಟದವರಿಗೆ ನಾವು ಹೇಳುವುದಿಷ್ಟೆ: ಸೋತ ಸ್ಪ್ರಿಂಗನ್ನೂ ಅಬ್ಸಾರ್ಬರನ್ನೂ ಅದೇ ಅಳತೆಯ ಹೊಸದರಿಂದ ಬದಲಿಸಿರಿ, ಮೂಟೆಗಳನ್ನು ಸರಕಿನ ಗಾಡಿಗೆ ಬಿಡಿರಿ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಪ್ರಯೋಗಶಾಲೆಯ ಸ್ಪ್ರಿಂಗಿಗೆ ತೂಕವನ್ನು ತೂಗುಹಾಕಿ, ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆಯಿರಿ. ಬಳಿಕ ಕೆಲವು ಸುತ್ತುಗಳನ್ನು ದಾರದಿಂದ ಬಿಗಿದು ಕಟ್ಟಿ ಮತ್ತೆ ಅಳೆಯಿರಿ. ಕಾಲ ಕಡಮೆಯಾಗಿರುವುದು ಕಂಡುಬರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯೂ ಮೊನ್ನೆ ಬಂದು ಇದನ್ನು ಮಾಡಿ ನೋಡಿದನು. ಅವನ ಕಾರಿಗೆ ಈಗ ಆರು ಸುತ್ತಿನ ಸ್ಪ್ರಿಂಗೇ ಮರಳಿ ಬಂದಿದೆ.