ಪಿಂಚಣಿ ವಂತಿಗೆ: ವೇತನದಿಂದ ಕಡಿತವಾದ ಹಣ ಸೇರುವುದೆಲ್ಲಿಗೆ?

ಬೆಂಗಳೂರು: ಸರ್ಕಾರಿ ನೌಕರಿ ದೊರೆತರೆ ನಿವೃತ್ತಿಯ ನಂತರವೂ ಚಿಂತೆಯಿಲ್ಲ ಎಂಬ ನಂಬಿಕೆ ಹಲವು ತಲೆಮಾರುಗಳದ್ದು. ಆದರೆ 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರ ಪಾಲಿಗೆ ಈ ಮಾತು ಹಿಂದಿನಷ್ಟು ನೇರವಾಗಿ ಉಳಿದಿಲ್ಲ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ವ್ಯಾಪ್ತಿಗೆ ಬರುವ ಇವರ ಸಂಬಳದಿಂದ ಪ್ರತಿ ತಿಂಗಳೂ ವಂತಿಗೆ ಕಡಿತವಾಗುತ್ತದೆ. ಆ ಹಣ ಎಲ್ಲಿಗೆ ಹೋಗುತ್ತದೆ, ಹೇಗೆ ಬೆಳೆಯುತ್ತದೆ ಎಂಬುದು ಅನೇಕರಿಗೆ ಇನ್ನೂ ಅಸ್ಪಷ್ಟ.

ಹಳೆಯ ಪದ್ಧತಿಯಲ್ಲಿ ಪಿಂಚಣಿಗಾಗಿ ನೌಕರನ ಸಂಬಳಕ್ಕೆ ಕತ್ತರಿ ಬೀಳುತ್ತಿರಲಿಲ್ಲ. ಭವಿಷ್ಯ ನಿಧಿಗೆ ಕಟ್ಟುವ ಹಣ ಬೇರೆ, ಸರ್ಕಾರ ಬೊಕ್ಕಸದಿಂದ ನೀಡುವ ಪಿಂಚಣಿ ಬೇರೆ. ಪಿಂಚಣಿಯ ಮೊತ್ತ ಕೊನೆಯ ವೇತನವನ್ನು ಆಧರಿಸಿರುತ್ತಿತ್ತು. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಸೇವೆಗೆ ಸೇರಿದವರಿಗೆ, ಸೇನಾಪಡೆಗಳನ್ನು ಹೊರತುಪಡಿಸಿ, ಹೊಸ ವ್ಯವಸ್ಥೆಯನ್ನು ಜಾರಿಗೊಳಿಸಿತು. ಹೊಸ ಪದ್ಧತಿಯಲ್ಲಿ ಕಟ್ಟುವ ವಂತಿಗೆ ನಿಶ್ಚಿತ. ಕೈಗೆ ಬರುವ ಪಿಂಚಣಿ ನಿಶ್ಚಿತವಲ್ಲ. ಎರಡರ ನಡುವಿನ ಮೂಲಭೂತ ವ್ಯತ್ಯಾಸ ಇದೇ.

ಲೆಕ್ಕಾಚಾರ ಹೇಗೆ?

ನೌಕರನ ಪಾಲು ಮೂಲ ವೇತನ ಹಾಗೂ ತುಟ್ಟಿಭತ್ಯೆಯ ಶೇ 10. ಮನೆ ಬಾಡಿಗೆ ಭತ್ಯೆಯಂಥವು ಈ ಲೆಕ್ಕಕ್ಕೆ ಸೇರುವುದಿಲ್ಲ. ಸರ್ಕಾರದ ಪಾಲೂ ಮೊದಲು ಶೇ 10ರಷ್ಟೇ ಇತ್ತು. ಕೇಂದ್ರವು 2019ರ ಏಪ್ರಿಲ್ 1ರಿಂದ ತನ್ನ ಪಾಲನ್ನು ಶೇ 14ಕ್ಕೆ ಏರಿಸಿತು. ಕರ್ನಾಟಕವೂ ಅದೇ ಪ್ರಮಾಣವನ್ನು ಅಳವಡಿಸಿಕೊಂಡಿತು.

ಉದಾಹರಣೆಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 40,000 ರೂಪಾಯಿ ಇದ್ದರೆ ನೌಕರನಿಂದ 4,000, ಸರ್ಕಾರದಿಂದ 5,600, ಒಟ್ಟು 9,600 ರೂಪಾಯಿ ಜಮೆಯಾಗುತ್ತದೆ. ತುಟ್ಟಿಭತ್ಯೆ ಏರಿದಂತೆ ವಂತಿಗೆಯೂ ತಾನಾಗಿಯೇ ಏರುತ್ತದೆ. ವೇತನರಹಿತ ರಜೆಯ ಅವಧಿಗೆ ವಂತಿಗೆ ಇರುವುದಿಲ್ಲ. ಸರ್ಕಾರದ ಪಾಲೂ ಬರುವುದಿಲ್ಲ.

ಪ್ರತಿ ಚಂದಾದಾರನಿಗೂ 12 ಅಂಕಿಗಳ ಶಾಶ್ವತ ಖಾತೆ ಸಂಖ್ಯೆ ಇರುತ್ತದೆ. ಇದೇ 'ಪ್ರಾನ್'. ಊರು, ಇಲಾಖೆ ಬದಲಾದರೂ ಈ ಸಂಖ್ಯೆ ಬದಲಾಗದು. ಕಡಿತವಾದ ಹಣವನ್ನು ಪಿಂಚಣಿ ನಿಧಿ ವ್ಯವಸ್ಥಾಪಕರು ಸರ್ಕಾರಿ ಸಾಲಪತ್ರ, ಕಂಪನಿಗಳ ಸಾಲಪತ್ರ ಹಾಗೂ ಷೇರುಗಳಲ್ಲಿ ತೊಡಗಿಸುತ್ತಾರೆ. ಅಂದಿನ ಮೌಲ್ಯಕ್ಕೆ ಅನುಗುಣವಾಗಿ ಖಾತೆಗೆ ಯೂನಿಟ್‌ಗಳು ಸೇರುತ್ತವೆ. ಒಂದು ಯೂನಿಟ್‌ಗೆ 40 ರೂಪಾಯಿ ಇದ್ದರೆ 9,600 ರೂಪಾಯಿಗೆ 240 ಯೂನಿಟ್. ಜಮೆ ತಡವಾದರೆ ಅಷ್ಟು ದಿನಗಳ ಗಳಿಕೆ ತಪ್ಪುವ ಸಾಧ್ಯತೆ ಇರುವುದು ಈ ಕಾರಣಕ್ಕೇ. ವೇತನ ಚೀಟಿಯಲ್ಲಿನ ಕಡಿತವನ್ನು ಖಾತೆಯ ವಿವರದೊಂದಿಗೆ ಆಗಾಗ ತಾಳೆ ನೋಡುವುದು ಜಾಣತನ.

ನಿವೃತ್ತಿಯ ವೇಳೆ

ಸರ್ಕಾರಿ ಚಂದಾದಾರರು ನಿವೃತ್ತಿಯಾದಾಗ ಒಟ್ಟು ನಿಧಿಯ ಶೇ 60ರವರೆಗೆ ಒಂದೇ ಗಂಟಿನಲ್ಲಿ ಪಡೆಯಬಹುದು. ಕನಿಷ್ಠ ಶೇ 40ರಷ್ಟು ಹಣದಿಂದ ವಿಮಾ ಕಂಪನಿಯ ವರ್ಷಾಶನ ಯೋಜನೆ ಕೊಳ್ಳಬೇಕು. ತಿಂಗಳ ಪಿಂಚಣಿ ಬರುವುದು ಅದರಿಂದಲೇ. 50 ಲಕ್ಷ ರೂಪಾಯಿ ಕೂಡಿದ್ದರೆ 20 ಲಕ್ಷ ವರ್ಷಾಶನಕ್ಕೆ. ವಾರ್ಷಿಕ ದರ ಶೇ 6 ಎಂದು ಭಾವಿಸಿದರೆ ತಿಂಗಳಿಗೆ 10,000 ರೂಪಾಯಿ. ಇದಕ್ಕೆ ತುಟ್ಟಿಭತ್ಯೆಯ ಏರಿಕೆ ಅನ್ವಯಿಸದು. ಬೆಲೆ ಏರಿದರೂ ಪಿಂಚಣಿ ಏರದು ಎಂಬುದೇ ನೌಕರರ ಮುಖ್ಯ ಅಳಲು.

ಈ ಅಸಮಾಧಾನ 2023ರ ಮಾರ್ಚ್ 1ರ ರಾಜ್ಯ ನೌಕರರ ಮುಷ್ಕರದಲ್ಲೂ ವ್ಯಕ್ತವಾಯಿತು. 2006ರ ಏಪ್ರಿಲ್‌ಗೆ ಮುನ್ನ ನೇಮಕಾತಿ ಅಧಿಸೂಚನೆ ಹೊರಟು, ಆನಂತರ ಸೇವೆಗೆ ಸೇರಿದ ಸುಮಾರು 13,000 ನೌಕರರನ್ನು ಹಳೆಯ ಪಿಂಚಣಿ ವ್ಯಾಪ್ತಿಗೆ ತರಲು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ನಿರ್ಧರಿಸಿತು. ಕೇಂದ್ರ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆ ದೊರೆಯಿತು. ಅದರಲ್ಲೂ ನೌಕರನ ವಂತಿಗೆ ಶೇ 10 ಇದೆ. ಆದರೆ 25 ವರ್ಷ ಸೇವೆ ಪೂರೈಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಪಿಂಚಣಿಯ ಭರವಸೆಯಿದೆ.

ಮಾರುಕಟ್ಟೆಯ ಏರಿಳಿತದ ಹೊಣೆ ನೌಕರನದೋ ಸರ್ಕಾರದ್ದೋ ಎಂಬುದೇ ಇಡೀ ಚರ್ಚೆಯ ತಿರುಳು. ಎನ್‌ಪಿಎಸ್‌ನಲ್ಲಿ ಅದು ನೌಕರನ ಹೆಗಲ ಮೇಲಿದೆ.